ಮಕ್ಕಳ ದಿನದಂದು ಮಕ್ಕಳ ಮಧುಮೇಹವೂ ನೆನಪಾಗಲಿ

ಮಾನ್ಯ ಸಂಪಾದಕರೇ,

ನವೆಂಬರ್ 14 ನಮಗೆ ಮಕ್ಕಳ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದೂ ಅಂದೇ, ಹಾಗಾಗಿ ಅದು ವಿಶ್ವ ಮಧುಮೇಹ ದಿನವೂ ಹೌದು. ಆದರೆ ಅಂದಿನ ಜಾಥಾ, ಉಚಿತ ಶಿಬಿರಗಳೆಲ್ಲ ಬಹುಪಾಲು ದೊಡ್ಡವರಿಗೇ. ಸರ್ಕಾರದ ಸಕ್ಕರೆ ಕಾಯಿಲೆ ತಪಾಸಣೆಯೂ ಶುರುವಾಗುವುದು 30 ದಾಟಿದವರಿಂದ. ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಟೈಪ್ 1 ಮಧುಮೇಹದ ಮಕ್ಕಳು ಈ ಲೆಕ್ಕಕ್ಕೇ ಬರುವುದಿಲ್ಲ. ವರ್ಷಕ್ಕೊಮ್ಮೆ ಶಾಲೆಗೆ ಬರುವ ಆರೋಗ್ಯ ತಂಡದ ಕಣ್ಣಿಗೂ ಅವರು ಬೀಳುವುದು ಅಪರೂಪ. ಲಕ್ಷಣ ಕಾಣಿಸಿದ ಕೆಲವೇ ವಾರಗಳಲ್ಲಿ, ತೀರ ಚಿಕ್ಕ ಮಕ್ಕಳಲ್ಲಿ ಕೆಲವೇ ದಿನಗಳಲ್ಲಿ, ಈ ಕಾಯಿಲೆ ಪ್ರಾಣಕ್ಕೆ ಬಂದುಬಿಡುತ್ತದೆ.

ವೈದ್ಯ ಆರ್.ಡಿ. ಲಾರೆನ್ಸ್ ಮತ್ತು ಲೇಖಕ ಎಚ್.ಜಿ. ವೆಲ್ಸ್ ಇಬ್ಬರೂ ಮಧುಮೇಹಿಗಳು. ಅವರು 1934ರಲ್ಲಿ ಕಟ್ಟಿದ ಸಂಸ್ಥೆಯೇ ಬ್ರಿಟನ್ನಿನ ಇಂದಿನ 'ಡಯಾಬಿಟಿಸ್ ಯುಕೆ'. ಅದರ ಕೆಲಸಗಳಲ್ಲಿ ನಾವು ಇವತ್ತೇ ಎತ್ತಿಕೊಳ್ಳಬಹುದಾದದ್ದು ನಾಲ್ಕು ಲಕ್ಷಣಗಳ ಪ್ರಚಾರ: ಪದೇ ಪದೇ ಮೂತ್ರ, ಎಷ್ಟು ಕುಡಿದರೂ ತೀರದ ಬಾಯಾರಿಕೆ, ವಿಪರೀತ ಸುಸ್ತು, ಚೆನ್ನಾಗಿ ಉಂಡರೂ ಇಳಿಯುವ ತೂಕ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ ಅದನ್ನು ಗದರಿಸಬೇಡಿ, ಪರೀಕ್ಷೆ ಮಾಡಿಸಿ. ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 1990ರ ದಶಕದಲ್ಲಿ ಇದೊಂದು ಲಕ್ಷಣವನ್ನೇ ಮುಂದಿಟ್ಟು ಶಾಲೆಗಳಲ್ಲಿ ಭಿತ್ತಿಪತ್ರ ಹಚ್ಚಿ, ಮಕ್ಕಳ ವೈದ್ಯರಿಗೆ ಗ್ಲುಕೋಮೀಟರ್ ಕೊಟ್ಟರು. ಹೊಸದಾಗಿ ಪತ್ತೆಯಾದ ಮಕ್ಕಳಲ್ಲಿ, ರಕ್ತ ಆಮ್ಲೀಯವಾಗಿ ಜೀವಕ್ಕೆ ಅಪಾಯ ತರುವ ಕೀಟೋಅಸಿಡೋಸಿಸ್‌ಗೆ ಜಾರಿ ಬರುವವರ ಪ್ರಮಾಣ ಶೇ 78ರಿಂದ ಶೇ 12.5ಕ್ಕೆ ಇಳಿಯಿತು.

ಇನ್ಸುಲಿನ್ ಇಲ್ಲದಾಗ ದೇಹ ಸಕ್ಕರೆ ಬಳಸಲಾಗದೆ ಕೊಬ್ಬನ್ನು ಕರಗಿಸುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಆಗ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ. ದಾರಿ ತಪ್ಪುವುದು ಇಲ್ಲೇ. ವಾಂತಿಯನ್ನು ಹೊಟ್ಟೆ ಕೆಟ್ಟಿದ್ದೆಂದೂ, ಉಸಿರಾಟವನ್ನು ನ್ಯುಮೋನಿಯಾ ಎಂದೂ, ಹೊಟ್ಟೆನೋವನ್ನು ಅಪೆಂಡಿಸೈಟಿಸ್ ಎಂದೂ ತಿಳಿದು ಗ್ಲುಕೋಸ್ ಡ್ರಿಪ್ ಏರಿಸಿದರೆ ಸಕ್ಕರೆ ಇನ್ನಷ್ಟು ಏರುತ್ತದೆ. ಒಂದು ಸುಳಿವು ಗಮನದಲ್ಲಿರಲಿ: ವಾಂತಿ-ಭೇದಿಯಿಂದ ನೀರು ಬತ್ತಿದ ಮಗುವಿಗೆ ಮೂತ್ರ ಕಡಿಮೆಯಾಗುತ್ತದೆ, ನಾಲಿಗೆ ಒಣಗಿದ್ದರೂ ಮೂತ್ರ ಧಾರಾಳವಾಗಿ ಹೋಗುತ್ತಿದ್ದರೆ ಮೊದಲು ಸಕ್ಕರೆ ನೋಡಬೇಕು.

ನೋಡುವುದು ಬೆರಳಿನ ಒಂದು ಹನಿ ರಕ್ತದಲ್ಲಿ, ಕೆಲವು ಸೆಕೆಂಡುಗಳಲ್ಲಿ. 'ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ' ಎನ್ನಬಾರದು, ಮೂರು ತಿಂಗಳ ಸರಾಸರಿಯ ವರದಿಗೂ ಕಾಯಬಾರದು. ಕೈಗೆ ಹಣ್ಣಿನ ರಸವೋ ಸಿಹಿಯೋ ಅಂಟಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ, ಆದ್ದರಿಂದ ನೀರಿನಲ್ಲಿ ತೊಳೆದು ಒರೆಸಿ ಚುಚ್ಚಿ. ಈ ಲಕ್ಷಣಗಳಿರುವ ಮಗುವಿಗೆ ಯಾವ ಹೊತ್ತಿನಲ್ಲಾದರೂ 200 ಮಿ.ಗ್ರಾಂ ಅಥವಾ ಹೆಚ್ಚು ಬಂದರೆ ಅದು ಮಧುಮೇಹವೇ. ಅಂದೇ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಕಳಿಸಬೇಕು. ವಾಂತಿಯೋ ಏದುಸಿರೋ ಇದ್ದರೆ 108ಕ್ಕೆ ಕರೆ ಮಾಡಬೇಕು. ಪರದೆಯ ಮೇಲೆ ಅಂಕಿಯ ಬದಲು 'ಹೈ' ಎಂದು ಬಂದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಅದರ ಅರ್ಥ ಸಕ್ಕರೆ ಯಂತ್ರದ ಮಿತಿಯನ್ನೇ ದಾಟಿದೆ ಎಂದು. ಕಷಾಯ, ಪಥ್ಯ, ಮಾತ್ರೆ ಯಾವುದೂ ಇಲ್ಲಿ ಇನ್ಸುಲಿನ್‌ಗೆ ಬದಲಿಯಲ್ಲ.

ಈ ನಾಲ್ಕು ಲಕ್ಷಣಗಳ ಕನ್ನಡ ಭಿತ್ತಿಪತ್ರ ಈ ನವೆಂಬರ್‌ನೊಳಗೆ ಪ್ರತಿ ಅಂಗನವಾಡಿ, ಶಾಲೆಯ ಗೋಡೆಗೆ ಬರಲಿ ಎಂದು ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳನ್ನು ಕೋರುತ್ತೇವೆ. ತರಗತಿಯಿಂದ ಮತ್ತೆ ಮತ್ತೆ ಹೊರಗೆ ಹೋಗಲು ಕೇಳುವ ಮಗುವನ್ನು ಮೊದಲು ಗಮನಿಸುವವರು ಶಿಕ್ಷಕರೇ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗ್ಲುಕೋಮೀಟರ್ ಮಕ್ಕಳನ್ನು ನೋಡುವ ಮೇಜಿನ ಮೇಲೂ ಇರಲಿ. ಅದರ ಸ್ಟ್ರಿಪ್‌ಗಳ ಅವಧಿಯನ್ನು ತಿಂಗಳಿಗೊಮ್ಮೆ ನೋಡಬೇಕು. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಲೆನಾಡು, ಕರಾವಳಿಯ ತೇವಕ್ಕೆ ಅವು ಬೇಗ ಕೆಡುತ್ತವೆ.

ಮಕ್ಕಳ ಮಧುಮೇಹ ಆರೈಕೆಯಲ್ಲಿರುವ ವೈದ್ಯರು ಮತ್ತು ಶುಶ್ರೂಷಕಿಯರು, ಮೈಸೂರು