ಮಳೆಗಾಲದಲ್ಲೂ ಕೊಡಗಿಗೆ ಹಾಕಿ ಪಂದ್ಯ ಕೇಳಿಸಿ: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ.

ನಾನು ನಾಪೋಕ್ಲು ಕಡೆಯ ಸಣ್ಣ ಬೆಳೆಗಾರ. ಕಾಫಿ, ಕರಿಮೆಣಸು, ಒಂದಿಷ್ಟು ಗದ್ದೆ. ಆನೆ ಕಾಟ, ರಸ್ತೆ, ಬೆಳೆ ಪರಿಹಾರದ ಅರ್ಜಿಗಳು ನಿಮ್ಮ ಮೇಜಿನ ಮೇಲೆ ಸಾಕಷ್ಟಿರುತ್ತವೆ. ಈ ಪತ್ರ ಅವುಗಳ ಬಗ್ಗೆ ಅಲ್ಲ. ನಾನು ಕೇಳುವುದು ಒಂದೇ. ಭಾರತ ಆಡುವ ದೊಡ್ಡ ಹಾಕಿ ಪಂದ್ಯಗಳನ್ನು ಮಡಿಕೇರಿ ಆಕಾಶವಾಣಿಯ 103.1 ಎಫ್‌ಎಂನಲ್ಲಿ ಕನ್ನಡ ವೀಕ್ಷಕ ವಿವರಣೆಯೊಂದಿಗೆ ನೇರ ಪ್ರಸಾರ ಮಾಡಿಸಿ.

ಟಿವಿ ಇದೆ, ಮೊಬೈಲ್ ಇದೆ, ಈಗ ರೇಡಿಯೊ ಯಾಕೆ ಅಂತ ಯಾರಾದರೂ ಕೇಳಬಹುದು. ಕೇಳುವವರು ಜುಲೈನಲ್ಲಿ ನಮ್ಮ ಮನೆಗೆ ಬಂದು ಒಂದು ವಾರ ಇರಲಿ. ಗಾಳಿಗೆ ಮರ ಬಿದ್ದು ತಂತಿ ಹರಿಯುತ್ತದೆ. ಕರೆಂಟು ಯಾವಾಗ ಬರುತ್ತದೆ ಎಂದು ಲೈನ್‌ಮ್ಯಾನ್‌ಗೂ ಹೇಳಲಾಗುವುದಿಲ್ಲ. ಪಾಪ, ಅವರೂ ಅದೇ ಮಳೆಯಲ್ಲಿ ಕಂಬ ಹತ್ತುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ ಕೂಡ ಸುಮ್ಮನಾಗುತ್ತದೆ. ಇನ್ವರ್ಟರ್ ಇದ್ದವರಿಗೂ ಟಿವಿ ಬರುವುದಿಲ್ಲ. ಏಕೆಂದರೆ ಮನೆಯ ಸಣ್ಣ ಡಿಶ್‌ಗೆ ಬರುವುದು ಕೆಯು ಬ್ಯಾಂಡ್ ಸಿಗ್ನಲ್, ಜೋರು ಮಳೆ ಅದನ್ನು ಹೀರಿಬಿಡುತ್ತದೆ. ತಿಂಗಳಿಗೆ ದುಡ್ಡು ಕಟ್ಟುವ ಡಿಶ್ ಆಗಲಿ, ದೂರದರ್ಶನದ ಫ್ರೀ ಡಿಶ್ ಆಗಲಿ, ನಮ್ಮ ಮಳೆಗೆ ಎರಡೂ ಒಂದೇ. ಎಫ್‌ಎಂ ಮಾತ್ರ ಬರುತ್ತದೆ. ಎರಡು ಸೆಲ್ ಹಾಕಿದರೆ ಆಯಿತು.

ಹಾಕಿಯ ಎಷ್ಟೋ ದೊಡ್ಡ ಪಂದ್ಯಗಳು ನಡೆದದ್ದು ಇದೇ ತಿಂಗಳುಗಳಲ್ಲಿ. ಮಾಸ್ಕೋದಲ್ಲಿ ಸ್ಪೇನನ್ನು ಸೋಲಿಸಿ ಚಿನ್ನ ಗೆದ್ದದ್ದು 1980ರ ಜುಲೈ 29ಕ್ಕೆ. ಆ ತಂಡದಲ್ಲಿ ನಮ್ಮ ಎಂ.ಎಂ. ಸೋಮಯ್ಯ ಇದ್ದರು. 41 ವರ್ಷದ ಮೇಲೆ ಟೋಕಿಯೊದಲ್ಲಿ ಜರ್ಮನಿಯನ್ನು 5-4ರಿಂದ ಮಣಿಸಿ ಪದಕ ತಂದದ್ದು 2021ರ ಆಗಸ್ಟ್ 5ಕ್ಕೆ. ಪ್ಯಾರಿಸ್‌ನಲ್ಲಿ ಸ್ಪೇನ್ ಮೇಲೆ 2-1ರಿಂದ ಗೆದ್ದು ಮತ್ತೆ ಕಂಚು ತಂದದ್ದು 2024ರ ಆಗಸ್ಟ್ 8ಕ್ಕೆ. ಐಪಿಎಲ್ ಬೇಸಿಗೆಯಲ್ಲಿ ಬರುತ್ತದೆ. ಆಗ ಕರೆಂಟು ಇರುತ್ತದೆ, ಡಿಶ್ ಬರುತ್ತದೆ, ಕನ್ನಡದಲ್ಲಿ ವಿವರಣೆಯೂ ಇರುತ್ತದೆ. ಅದನ್ನೂ ನೋಡಿ ಖುಷಿಪಡುವವರು ನಾವು. ನಮ್ಮ ಸ್ವಂತ ಆಟ ಎನ್ನುವುದು ಬಂದಾಗ ಮಾತ್ರ ಮನೆ ಕತ್ತಲು.

ಪ್ಯಾರಿಸ್‌ನ ಕ್ವಾರ್ಟರ್ ಫೈನಲ್ ದಿನ ನಮ್ಮ ಮನೆಯಲ್ಲಿ ಆದದ್ದನ್ನು ಹೇಳಲೇಬೇಕು. 2024ರ ಆಗಸ್ಟ್ 4, ಭಾನುವಾರ ಮಧ್ಯಾಹ್ನ. ಎದುರಾಳಿ ಗ್ರೇಟ್ ಬ್ರಿಟನ್. ನಮ್ಮ ಚಿಕ್ಕಪ್ಪ ಸೈನ್ಯದಲ್ಲಿದ್ದಾಗ ತಮ್ಮ ಘಟಕದ ತಂಡಕ್ಕೆ ಫುಲ್‌ಬ್ಯಾಕ್ ಆಡಿದವರು. ಈಗ ಎಂಬತ್ತು ದಾಟಿದೆ, ಎರಡೂ ಮೊಣಕಾಲು ನೋವು. ಆ ಪಂದ್ಯಕ್ಕಾಗಿ ಬೆಳಿಗ್ಗೆಯೇ ಸ್ನಾನ ಮಾಡಿ ಸ್ವೆಟರ್ ಹಾಕಿ ಕುಳಿತಿದ್ದರು. ಕರೆಂಟು ಹಿಂದಿನ ದಿನವೇ ಹೋಗಿತ್ತು. ನೆಂಟರ ಮನೆಯಲ್ಲಿ ಜನರೇಟರ್ ಇದೆ ಎಂದು ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟೆವು. ಅರ್ಧ ದಾರಿಯಲ್ಲಿ ದೊಡ್ಡ ಮರ ಅಡ್ಡ ಬಿದ್ದಿತ್ತು. ಕತ್ತಿ ತೆಗೆದುಕೊಂಡು ಕೊಂಬೆ ಕಡಿಯಲು ನೋಡಿದೆವು, ಬುಡ ಅಲ್ಲಾಡಲಿಲ್ಲ. ಚಿಕ್ಕಪ್ಪ ಜೀಪಿನಿಂದ ಇಳಿದು ಮಳೆಯಲ್ಲೇ ಮರ ದಾಟಿ ನಡೆಯುತ್ತೇನೆ ಎಂದು ಹಟ ಹಿಡಿದರು. ಜಾರಿ ಬಿದ್ದರು. ಮೊಣಕೈ ಸುಲಿಯಿತು. ಎತ್ತಿ ಕೂರಿಸಿ ವಾಪಸ್ ಕರೆತಂದೆವು.

ಮನೆಗೆ ಬಂದು ರೇಡಿಯೊ ಹಾಕಿದೆವು. ಸಿಗ್ನಲ್ ಸ್ಪಷ್ಟವಾಗಿತ್ತು. ಎಲ್ಲಿ ತಿರುಗಿಸಿದರೂ ಪಂದ್ಯ ಮಾತ್ರ ಸಿಗಲಿಲ್ಲ.

ಆ ಪಂದ್ಯದಲ್ಲಿ ಏನಾಯಿತು ಎಂದು ನಿಮಗೂ ಗೊತ್ತು. 17ನೇ ನಿಮಿಷಕ್ಕೆ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಿ 1-1ರಲ್ಲಿ ಹಿಡಿದು ನಿಲ್ಲಿಸಿದರು. ಶೂಟೌಟ್‌ನಲ್ಲಿ ಶ್ರೀಜೇಶ್ ಗೋಲಿನ ಮುಂದೆ ನಿಂತರು, 4-2ರಿಂದ ಗೆದ್ದೆವು. ನಮಗೆ ಇದೆಲ್ಲ ತಿಳಿದದ್ದು ರಾತ್ರಿ, ಬೆಂಗಳೂರಿನಲ್ಲಿರುವ ತಂಗಿಯ ಮಗ ಹೇಗೋ ಫೋನ್ ಲೈನ್ ಸಿಕ್ಕಿ ಹೇಳಿದಾಗ. ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು, ಹತ್ತು ಜನ ಇದ್ದಾಗ ಹಿಂದೆ ಯಾರು ನಿಂತಿದ್ದರು ಎಂದು ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತು ಕಾದ ಮನುಷ್ಯನಿಗೆ ಸಿಕ್ಕಿದ್ದು ಒಂದು ಸ್ಕೋರು ಮಾತ್ರ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಕ್ರೀಡಾ ಚಾನೆಲ್‌ಗಳ ಪ್ಯಾಕಿಗೆ ಇಡೀ ವರ್ಷದ ದುಡ್ಡು ಮೊದಲೇ ಕಟ್ಟಿದ್ದೆ. ಮಳೆ ನಿಂತ ಮೇಲೆ ಡಿಶ್ ಕಂಪನಿಗೆ ಫೋನ್ ಮಾಡಿದೆ. ಮಳೆಗೆ ನಾವು ಹೊಣೆಯಲ್ಲ, ಆಪ್‌ನಲ್ಲಿ ನೋಡಿ ಅಂದರು. ನೆಟ್‌ವರ್ಕ್ ಇಲ್ಲ ಅಂದೆ. ಅದು ಮೊಬೈಲ್ ಕಂಪನಿಯವರನ್ನು ಕೇಳಿ ಅಂದರು. ಒಂದು ಸರ್ಕಾರಿ ಕಚೇರಿಗೆ ಅರ್ಜಿ ಬರೆದೆ. ಸೂಕ್ತ ಕ್ರಮಕ್ಕಾಗಿ ಮೇಲಿನವರಿಗೆ ಕಳುಹಿಸಲಾಗಿದೆ ಎಂಬ ಉತ್ತರ ಬಂತು. ಆ ಮೇಲಿನವರು ಯಾರು ಎಂದು ನಂತರ ಯಾರೂ ಹೇಳಲಿಲ್ಲ. ಅದಕ್ಕೇ ಈಗ ಎಲ್ಲರ ಎದುರು ನಿಮಗೇ ಬರೆಯುತ್ತಿದ್ದೇನೆ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 2007ರ ಕ್ರೀಡಾ ಪ್ರಸಾರ ಸಿಗ್ನಲ್ ಕಾಯ್ದೆ ನೀವು ಕೂರುವ ಸಂಸತ್ತೇ ಮಾಡಿದ್ದು. ದೇಶಕ್ಕೆ ಮುಖ್ಯ ಎಂದು ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ಹಕ್ಕನ್ನು ಯಾರೇ ಕೊಂಡಿರಲಿ, ಜಾಹೀರಾತಿಲ್ಲದ ನೇರ ಸಿಗ್ನಲನ್ನು ದೂರದರ್ಶನ, ಆಕಾಶವಾಣಿ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಹಾಕಿ ವಿಶ್ವಕಪ್ ಎಲ್ಲವೂ ಆ ಪಟ್ಟಿಯಲ್ಲಿವೆ. ಅದೇ ಕಾಯ್ದೆಯಲ್ಲಿ ರೇಡಿಯೊ ಮಾತೂ ಇದೆ. ಬರುವ ಜಾಹೀರಾತು ಹಣದಲ್ಲಿ ಹಕ್ಕುದಾರರಿಗೆ ಟಿವಿಯಲ್ಲಿ ನೂರಕ್ಕೆ ಕನಿಷ್ಠ 75 ಪಾಲು, ರೇಡಿಯೊದಲ್ಲಿ ನೂರಕ್ಕೆ ಕನಿಷ್ಠ 50 ಪಾಲು ಎಂದು ಬರೆದಿದೆ. ಅಂದರೆ ಕಾಯ್ದೆ ಬರೆದವರಿಗೆ ರೇಡಿಯೊ ನೆನಪಿತ್ತು. ಮತ್ತೆ ನಡುವೆ ಮರೆತವರು ಯಾರು?

ಆ ಕಾಯ್ದೆ ದೂರದರ್ಶನಕ್ಕೆ ಎರಡು ದಾರಿ ಕೊಟ್ಟಿತ್ತು. ಒಂದು ನೆಲದ ಮೇಲಿನ ಟವರ್, ಇನ್ನೊಂದು ಡಿಶ್. ಈಗ ಹಳೆಯ ಅನಲಾಗ್ ಟವರ್‌ಗಳನ್ನು ದೇಶದಲ್ಲಿ ಬಹುಪಾಲು ಮುಚ್ಚಿದ್ದಾರೆ. ಮಿಕ್ಕಿದ್ದು ಫ್ರೀ ಡಿಶ್. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. ಹೀಗೆ ಪಡೆದ ಸಿಗ್ನಲನ್ನು ದೂರದರ್ಶನ ತನ್ನ ಟವರ್ ಮತ್ತು ತನ್ನ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್‌ನವರ ಮೂಲಕ ಹರಿಸುವ ಹಾಗಿಲ್ಲ ಎಂದು. ಕೋಟಿಗಟ್ಟಲೆ ಕೊಟ್ಟು ಹಕ್ಕು ಕೊಂಡವರಿಗೆ ನಷ್ಟ ಆಗಬಾರದು ಎನ್ನುವ ವಾದ ಸರಿಯೇ ಇರಬಹುದು. ಆದರೆ ಲೆಕ್ಕ ಹಾಕಿ ನೋಡಿ. ಟವರ್ ಹೋಯಿತು, ಕೇಬಲ್ ಹೋಯಿತು, ಉಳಿದ ಡಿಶ್ ಮಳೆಗೆ ಹೋಗುತ್ತದೆ. ಕಾಯ್ದೆ ಕೊಟ್ಟ ಹಕ್ಕಿನಲ್ಲಿ ನಮ್ಮ ಕೈಗೆ ಉಳಿದಿರುವುದು ರೇಡಿಯೊ ಒಂದೇ. ಅದನ್ನು ಕೊಡಿಸಿ ಎಂದೇ ಕೇಳುತ್ತಿದ್ದೇನೆ.

ಕಂಪನಿಗಳು ಇದನ್ನು ತಾವಾಗಿ ಮಾಡುವುದಿಲ್ಲ. ಅವರ ವ್ಯಾಪಾರವೇ ಬೇರೆ. 2022ರಲ್ಲಿ ಐಪಿಎಲ್‌ನ ಐದು ವರ್ಷದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅದರಲ್ಲಿ ಭಾರತ ಉಪಖಂಡದ ಟಿವಿಗೆ 23,575 ಕೋಟಿ, ಡಿಜಿಟಲ್‌ಗೆ 20,500 ಕೋಟಿ. ಸರಾಸರಿ ತೆಗೆದರೆ ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. ಅಷ್ಟು ಸುರಿದವರು ಅದನ್ನು ಜಾಹೀರಾತು ಮತ್ತು ಚಂದಾ ಹಣದಿಂದಲೇ ಎತ್ತಬೇಕು. ಕ್ರಿಕೆಟ್‌ನಲ್ಲಿ ಪ್ರತಿ ಓವರ್ ಮುಗಿದಾಗ ಜಾಹೀರಾತಿಗೆ ಜಾಗ ಸಿಗುತ್ತದೆ, ವಿಕೆಟ್ ಬಿದ್ದಾಗ ಸಿಗುತ್ತದೆ. ಹಾಕಿಯಲ್ಲಿ 15 ನಿಮಿಷ ಚೆಂಡು ಓಡುತ್ತಲೇ ಇರುತ್ತದೆ. 35 ನಿಮಿಷದ ಎರಡು ಭಾಗ ಇದ್ದ ಆಟವನ್ನು ನಾಲ್ಕು ಕ್ವಾರ್ಟರ್ ಮಾಡಿದ ಮೇಲೂ ಬಿಡುವು ಕಡಿಮೆ. ಜನ ಎಷ್ಟು ನೋಡುತ್ತಾರೆ ಎಂದು ಅಳೆಯುವುದು ಆಯ್ದ ಮನೆಗಳಲ್ಲಿ ಬಾರ್ಕ್ ಎಂಬ ಟಿವಿ ವೀಕ್ಷಣೆ ಅಳೆಯುವ ಸಂಸ್ಥೆ ಇಟ್ಟ ಮೀಟರ್‌ನಿಂದ. ಕರೆಂಟೇ ಇಲ್ಲದ ಊರಿನ ಆಸೆ ಯಾವ ಮೀಟರ್‌ನಲ್ಲಿ ಬರುತ್ತದೆ? ನೋಡುವವರು ಇಲ್ಲ ಎಂದು ತೋರಿಸುವುದಿಲ್ಲ, ತೋರಿಸದ ಕಾರಣ ನೋಡುವವರು ಲೆಕ್ಕಕ್ಕೆ ಬರುವುದಿಲ್ಲ. ಇದರ ನಡುವೆ ಸರ್ಕಾರ ಕೈ ಹಾಕಬೇಕು ಅಂತಲೇ ಅಲ್ವಾ ಆ ಕಾಯ್ದೆ ಮಾಡಿದ್ದು?

ಖರ್ಚಿನ ನೆಪ ಯಾರೂ ಹೇಳುವುದು ಬೇಡ. ಟಿವಿಗೆ ಮೈದಾನದ ಸುತ್ತ ಕ್ಯಾಮೆರಾ ಬೇಕು, ಮೈದಾನದಿಂದಲೇ ಪ್ರಸಾರ ಮಾಡುವ ಓಬಿ ವ್ಯಾನ್ ಬೇಕು, ರಿಪ್ಲೇ ಮಾಡುವವರು ಬೇಕು. ರೇಡಿಯೊಗೆ ಬೇಕಾದದ್ದು ಮೈಕು ಮತ್ತು ಆಟ ಗೊತ್ತಿರುವ ಇಬ್ಬರು. ಒಲಿಂಪಿಕ್ಸ್‌ನ ಚಿತ್ರವನ್ನು ಇಡೀ ಪ್ರಪಂಚಕ್ಕೆ ಒಂದೇ ಸಂಸ್ಥೆ ತೆಗೆದು ಕೊಡುತ್ತದೆ. ದೊಡ್ಡ ಚಾನೆಲ್‌ಗಳೂ ಬೇರೆ ಬೇರೆ ಭಾಷೆಯ ವಿವರಣೆಯನ್ನು ಸ್ಟುಡಿಯೊದಲ್ಲಿ ಪರದೆ ನೋಡಿಕೊಂಡೇ ಕೊಡುತ್ತವೆ. ಮಡಿಕೇರಿಯಲ್ಲಿ ಸ್ಟುಡಿಯೊ ಇದೆ. ಕನ್ನಡ ಬರುತ್ತದೆ, ಕೊಡವ, ಅರೆಭಾಷೆ ಕಾರ್ಯಕ್ರಮಗಳೂ ಬರುತ್ತವೆ. ಪ್ಯಾರಿಸ್‌ಗೆ ಯಾರನ್ನೂ ಕಳಿಸಬೇಕಾಗಿಲ್ಲ.

ಮಾತನಾಡುವವರು ಸಿಗುವುದಿಲ್ಲ ಎನ್ನಬೇಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ 60 ತಂಡಗಳಿಂದ ಹೊರಟಿತು. 2024ರಲ್ಲಿ ನಮ್ಮ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ 360 ತಂಡ ಆಡಿದವು, ಗಿನ್ನೆಸ್ ದಾಖಲೆ ಆಯಿತು. ವಾರಗಟ್ಟಲೆ, ಬಿಸಿಲಲ್ಲಿ, ಬೆಳಿಗ್ಗೆಯಿಂದ ಸಂಜೆವರೆಗೆ ಮೈಕ್ ಹಿಡಿದು ಒಂದೊಂದು ಪಾಸನ್ನೂ ಬಣ್ಣಿಸುವವರು ನಮ್ಮಲ್ಲಿದ್ದಾರೆ. ಆಡುವವರ ಮನೆ ಹೆಸರು, ಅವರಪ್ಪ ಯಾವ ಜಾಗದಲ್ಲಿ ಆಡುತ್ತಿದ್ದರು ಎನ್ನುವುದೆಲ್ಲ ಅವರ ಬಾಯಲ್ಲಿ ಬರುತ್ತದೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರಂಥವರನ್ನು ದೇಶಕ್ಕೆ ಕೊಟ್ಟ ಜಿಲ್ಲೆ ಇದು. ಇಲ್ಲಿ ಹಾಕಿ ವಿವರಣೆ ಕೊಡಲು ಜನ ಇಲ್ಲ ಎಂದರೆ ಇನ್ನೆಲ್ಲಿ ಇದ್ದಾರೆ?

ಚಿಕ್ಕಪ್ಪ ಹೇಳುತ್ತಾರೆ. 1975ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದ ಫೈನಲ್‌ನಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಬ್ಯಾರಕ್‌ನಲ್ಲಿ ಎಲ್ಲರೂ ಒಂದೇ ರೇಡಿಯೊ ಸುತ್ತ ನಿಂತಿದ್ದರಂತೆ. ಜಸ್‌ದೇವ್ ಸಿಂಗ್ ಅವರ ಹಿಂದಿ ವಿವರಣೆ. ಸೈನ್ಯದಲ್ಲಿ ಇದ್ದುದರಿಂದ ಇವರಿಗೆ ಹಿಂದಿ ಅರ್ಥವಾಗುತ್ತಿತ್ತು. ಊರಿನಲ್ಲಿದ್ದ ನಮ್ಮ ಅಜ್ಜಿ, ಅತ್ತೆಯರಿಗೆ ಸ್ಕೋರು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಐವತ್ತು ವರ್ಷ ಆಯಿತು. ಕ್ರಿಕೆಟ್‌ಗೆ ಕನ್ನಡ ವಿವರಣೆ ರೇಡಿಯೊದಲ್ಲೂ ಬಂತು, ಟಿವಿಯಲ್ಲೂ ಬಂತು. ಹಾಕಿಗೆ ಯಾವಾಗ?

2026ರ ಆಗಸ್ಟ್‌ನಲ್ಲಿ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ ಹಾಕಿ ವಿಶ್ವಕಪ್ ಇದೆ. ಮತ್ತೆ ಆಗಸ್ಟ್. ಅದು ಮುಗಿದು ಸೆಪ್ಟೆಂಬರ್‌ನಲ್ಲಿ ಜಪಾನಿನಲ್ಲಿ ಏಷ್ಯನ್ ಗೇಮ್ಸ್. ನೀವು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಮಾಹಿತಿ ಮತ್ತು ಪ್ರಸಾರ ಸಚಿವರಿಗೆ ನಿಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಯಿರಿ. ಪಟ್ಟಿಯಲ್ಲಿರುವ ಹಾಕಿ ಪಂದ್ಯಗಳ ರೇಡಿಯೊ ಪ್ರಸಾರ ಕನ್ನಡದಲ್ಲಿ ಯಾಕೆ ಆಗುತ್ತಿಲ್ಲ ಎಂದು ಲೋಕಸಭೆಯಲ್ಲಿ ಒಂದು ಪ್ರಶ್ನೆ ಹಾಕಿ, ಲಿಖಿತ ಉತ್ತರ ಪಡೆಯಿರಿ. ಆ ಉತ್ತರವನ್ನು ನಮಗೂ ತೋರಿಸಿ. ಮಡಿಕೇರಿ ಆಕಾಶವಾಣಿಗೆ ವಿವರಣೆಕಾರರನ್ನು ಆರಿಸಲು, ಅವರ ಸಂಭಾವನೆಗೆ, ಬೇಕಾದ ಅನುಮತಿಗೆ ದೆಹಲಿಯಿಂದ ಆದೇಶ ತರಿಸಿ. ಮೊದಲು ಭಾರತದ ಪಂದ್ಯಗಳು ಬರಲಿ, ಪುರುಷರದ್ದೂ ಮಹಿಳೆಯರದ್ದೂ. ಮುಂದಿನದು ಆಮೇಲೆ ಮಾತಾಡೋಣ.

ಪರಿಶೀಲಿಸಲಾಗುವುದು ಎಂಬ ಉತ್ತರ ದಯವಿಟ್ಟು ಕಳುಹಿಸಬೇಡಿ. ಅಂಥ ಕಾಗದ ನನ್ನ ಹತ್ತಿರ ಇದೆ. ಆಗುತ್ತದೆ ಎಂದರೆ ಯಾವ ಪಂದ್ಯದಿಂದ ಎಂದು ಹೇಳಿ. ಆಗುವುದಿಲ್ಲ ಎಂದರೆ ಯಾವ ನಿಯಮ ಅಡ್ಡ ಬರುತ್ತದೆ, ಯಾರು ಒಪ್ಪುತ್ತಿಲ್ಲ ಎಂದು ಹೆಸರು ಹಿಡಿದು ಹೇಳಿ. ಮುಂದಿನ ಪತ್ರ ಅವರಿಗೆ ಬರೆಯುತ್ತೇನೆ. ವಿಶ್ವಕಪ್‌ನ ಮೊದಲ ಪಂದ್ಯಕ್ಕೆ ಮುಂಚೆ ನಿಮ್ಮ ಉತ್ತರ ಬೇಕು.

ಇಂತಿ,
ನಾಪೋಕ್ಲು ಕಡೆಯ ಒಬ್ಬ ಬೆಳೆಗಾರ, ನಿಮ್ಮ ಕ್ಷೇತ್ರದ ಮತದಾರ