ಮಾರಿದ ಫೋನಿನ ಬಿಲ್ ಯಾರು ಕಟ್ಟಬೇಕು? ದೂರಸಂಪರ್ಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ದೂರಸಂಪರ್ಕ ಸಚಿವರಿಗೆ,

ನಮಸ್ಕಾರ. ಹಳೆ ಫೋನ್ ಮಾರಿದ ಮೇಲೂ ಅದರ ಖರ್ಚು ಮಾರಿದವರ ತಲೆಗೇ ಬರುತ್ತಿದೆ. ಅದರ ಬಗ್ಗೆ ಬರೆಯುತ್ತಿದ್ದೇನೆ. ನನಗೆ ಆಗಿದ್ದನ್ನು ಮೊದಲು ಹೇಳಿಬಿಡುತ್ತೇನೆ, ಕೇಳಬೇಕಾದ್ದು ಆಮೇಲೆ.

ನನ್ನ ಹಳೆ ಫೋನಿನಲ್ಲಿ ಎರಡು ನಂಬರ್ ಇದ್ದವು. ಒಂದು ಎಲ್ಲರಿಗೂ ಗೊತ್ತಿರುವ ನಂಬರ್, ಅದು ಕಾರ್ಡ್ ಸಿಮ್. ಇನ್ನೊಂದು ಕೆಲಸಕ್ಕೆಂದು ತೆಗೆದುಕೊಂಡ ಪೋಸ್ಟ್‌ಪೇಯ್ಡ್ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್. ಕೆಲಸ ಬದಲಾದ ಮೇಲೆ ಆ ಎರಡನೇ ನಂಬರ್ ಬಳಸುವುದೇ ನಿಂತುಹೋಗಿತ್ತು. ತಿಂಗಳ ಬಿಲ್ ಸಣ್ಣದು, ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹೋಗುತ್ತಿತ್ತು. ಹೊಸ ಫೋನ್ ಬಂದ ದಿನ ಕಾರ್ಡ್ ಸಿಮ್ ತೆಗೆದು ಹೊಸದಕ್ಕೆ ಹಾಕಿದೆ. ಹಳೆಯದನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆ. ಫೋಟೋ, ಮೆಸೇಜ್, ಆ್ಯಪ್ ಎಲ್ಲ ಹೋಯಿತು. ಅಂಗಡಿಯಿಂದ ತಂದ ಮೊದಲ ದಿನದ ಹಾಗೆ ಪರದೆಯ ಮೇಲೆ ಸ್ವಾಗತ ಬಂತು. ಪರಿಚಯದವರೊಬ್ಬರು ಫೋನ್ ಕೊಂಡರು. ಒಂದು ಹಾಳೆಯಲ್ಲಿ ತಾರೀಖು, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಬರೆದು ಇಬ್ಬರೂ ಸಹಿ ಹಾಕಿದೆವು. ಇಷ್ಟು ಮಾಡುವವರೇ ಕಡಿಮೆ ಅಲ್ವಾ? ನಿಶ್ಚಿಂತೆಯಾಗಿದ್ದೆ.

ರೀಸೆಟ್ ಮಾಡುವಾಗ ಪರದೆಯ ಕೆಳಗೆ ಒಂದು ಪುಟ್ಟ ಚೌಕ ಇತ್ತಂತೆ. ಇ-ಸಿಮ್ ಕೂಡ ಅಳಿಸಬೇಕಾದರೆ ಅದಕ್ಕೆ ಟಿಕ್ ಹಾಕಬೇಕು. ಹಾಕದಿದ್ದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋದರೂ ಆ ಒಂದು ಕನೆಕ್ಷನ್ ಮಾತ್ರ ಉಳಿದುಬಿಡುತ್ತದೆ. ನಾನು ಅದನ್ನು ಗಮನಿಸಲಿಲ್ಲ. ಅಷ್ಟು ಮಟ್ಟಿಗೆ ತಪ್ಪು ನನ್ನದೇ, ಒಪ್ಪುತ್ತೇನೆ.

ಕೊಂಡವರು ತಮ್ಮ ಸಿಮ್ ಹಾಕಿಕೊಂಡರು. ಕಾಲ್ ಅವರ ನಂಬರಿನಿಂದಲೇ ಹೋಗುತ್ತಿತ್ತು, ಡೇಟಾ ಮಾತ್ರ ನನ್ನ ಇ-ಸಿಮ್‌ನಿಂದ ಹೋಗುತ್ತಿತ್ತು. ಇಂಟರ್ನೆಟ್ ಬರುತ್ತಿದೆ ಅಂದಮೇಲೆ ಅದು ಯಾವ ಸಿಮ್‌ನಿಂದ ಬರುತ್ತಿದೆ ಅಂತ ಯಾರು ನೋಡುತ್ತಾರೆ? ಮನೆಯ ಮಕ್ಕಳು ರಾತ್ರಿ ಹೊತ್ತು ವಿಡಿಯೋ ನೋಡಿದರು. ಮೂರನೇ ತಿಂಗಳು ಬ್ಯಾಂಕಿನ ಲೆಕ್ಕ ನೋಡಿದಾಗ ನನಗೆ ಎದೆ ಧಸಕ್ಕೆಂದಿತು.

ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಕಾದ ಮೇಲೆ ಒಬ್ಬರು ಮಾತಿಗೆ ಸಿಕ್ಕರು. ಎಲ್ಲವನ್ನೂ ಹೇಳಿದೆ. ಅವರು ಸಮಾಧಾನವಾಗಿಯೇ ಕೇಳಿಸಿಕೊಂಡರು. ಆಮೇಲೆ ಅಂದರು: "ಕನೆಕ್ಷನ್ ನಿಮ್ಮ ಹೆಸರಲ್ಲಿದೆ ಸರ್. ಫೋನ್ ಯಾರ ಹತ್ತಿರ ಇದ್ದರೂ ಬಿಲ್ ನೀವೇ ಕಟ್ಟಬೇಕು."

ಸರಿ, ಕಟ್ಟುತ್ತೇನೆ, ಈಗಿಂದೀಗಲೇ ಕನೆಕ್ಷನ್ ನಿಲ್ಲಿಸಿ ಅಂದೆ. "ಒಟಿಪಿ ಕಳಿಸಿದ್ದೇವೆ, ಹೇಳಿ" ಅಂದರು.

ಒಟಿಪಿ ಹೋಗಿದ್ದು ಎಲ್ಲಿಗೆ? ಅದೇ ನಂಬರಿಗೆ. ಅಂದರೆ ನಾನು ಮಾರಿದ ಫೋನಿಗೆ.

ಸಚಿವರೇ, ಈ ಪತ್ರ ಬರೆಯಲು ಕಾರಣವೇ ಇದು. ಬಿಲ್ ನನ್ನದು, ಕನೆಕ್ಷನ್ ನನ್ನದು, ನಿಲ್ಲಿಸುವ ಕೀಲಿ ಮಾತ್ರ ಇನ್ನೊಬ್ಬರ ಜೇಬಿನಲ್ಲಿ. ಆ ವಾರ ಕೊಂಡವರು ಊರಲ್ಲಿರಲಿಲ್ಲ, ಕರೆ ತೆಗೆಯಲಿಲ್ಲ. ಕಂಪನಿಯ ಕಚೇರಿಗೆ ಹೋದೆ. ಗುರುತಿನ ಚೀಟಿ ಕೊಟ್ಟೆ, ಅರ್ಜಿ ಬರೆದೆ. ಇನ್ನೊಂದು ದಾಖಲೆ ಬೇಕು ಅಂದರು, ಮತ್ತೆ ಹೋದೆ. ನಾನು ಮೊದಲು ತಿಳಿಸಿದ ದಿನದಿಂದ ಕನೆಕ್ಷನ್ ನಿಲ್ಲುವ ಹೊತ್ತಿಗೆ ಒಂಬತ್ತು ದಿನ ಕಳೆದಿತ್ತು. ಆ ಒಂಬತ್ತು ದಿನದ ಖರ್ಚೂ ನನ್ನ ಬಿಲ್ಲಿಗೇ ಸೇರಿತು.

ಆಮೇಲೆ ಕೊಂಡವರು ಬಂದು ಫೋನ್ ತೆರೆದು ತೋರಿಸಿದರು. ಕಂಪನಿಯಿಂದ ಸಾಲು ಸಾಲು ಮೆಸೇಜ್. ನಿಮ್ಮ ಡೇಟಾ ಮುಗಿಯುತ್ತಾ ಬಂದಿದೆ, ಮುಗಿದಿದೆ, ಇನ್ನು ಮುಂದೆ ಹೆಚ್ಚುವರಿ ದರ ಬೀಳುತ್ತದೆ ಅಂತ. ಎಚ್ಚರಿಕೆ ಕೊಟ್ಟಿದ್ದೇವೆ ಅಂತ ಕಂಪನಿ ಹೇಳಿದ್ದು ಸುಳ್ಳಲ್ಲ. ಕೊಟ್ಟಿದ್ದು ನನಗಲ್ಲ, ಅಷ್ಟೇ. ಕೊಂಡವರು ಯಾವುದೋ ಜಾಹೀರಾತು ಅಂತ ಸುಮ್ನೆ ಅಳಿಸುತ್ತಾ ಹೋಗಿದ್ದರು. ವಿಷಯ ಗೊತ್ತಾದಾಗ ಅವರ ಮುಖ ಸಣ್ಣದಾಯಿತು. "ಅರ್ಧ ನಾನು ಕೊಡುತ್ತೇನೆ" ಅಂದರು. ಅವರು ಕದ್ದಿರಲಿಲ್ಲ, ನಾನೂ ಮೋಸ ಮಾಡಿರಲಿಲ್ಲ. ಇಬ್ಬರು ಮರ್ಯಾದಸ್ಥರು ಎದುರುಬದುರು ಕೂತು, ಯಾರದ್ದು ಎಷ್ಟು ತಪ್ಪು ಅಂತ ಲೆಕ್ಕ ಹಾಕುವ ಸ್ಥಿತಿ ಬಂತು. ಅದು ಹಣಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಕಂಪನಿಯ ಮಾತಿನ ಹಿಂದಿನ ತರ್ಕ ನನಗೆ ಅರ್ಥವಾಗುತ್ತದೆ. ಫೋನ್ ಬೇರೆ, ಕನೆಕ್ಷನ್ ಬೇರೆ. ಫೋನಿಗೆ 15 ಅಂಕಿಯ ಐಎಂಇಐ ನಂಬರ್ ಇರುತ್ತದೆ. ಸಿಮ್‌ಗೆ ತನ್ನದೇ ಬೇರೆ ಗುರುತು ಇರುತ್ತದೆ. ನೆಟ್‌ವರ್ಕ್ ಬಿಲ್ ಹಾಕುವುದು ಸಿಮ್ ನೋಡಿ, ಫೋನ್ ನೋಡಿ ಅಲ್ಲ. ಕರಾರಿಗೆ ಸಹಿ ಹಾಕಿದವರೇ ಹೊಣೆ. ಫೋನ್ ಕೈ ಬದಲಾದರೆ ಕರಾರೇನೂ ಬದಲಾಗುವುದಿಲ್ಲ.

ಆದರೆ ಈ ತರ್ಕ ಹುಟ್ಟಿದ ಕಾಲ ಬೇರೆ. 1991ರಲ್ಲಿ ಮೊದಲ ಸಿಮ್ ಕಾರ್ಡುಗಳು ಬಂದಾಗ ಒಂದೊಂದೂ ಬ್ಯಾಂಕಿನ ಕಾರ್ಡಿನಷ್ಟು ದೊಡ್ಡದಿತ್ತು. ಆಮೇಲೆ ಉಗುರಿನಷ್ಟಾಯಿತು. ಆದರೂ ಅದು ಕೈಗೆ ಸಿಗುವ ವಸ್ತು. ಸಿಮ್ ತೆಗೆದು ಜೇಬಿಗೆ ಹಾಕಿಕೊಂಡರೆ ಹೊಣೆಯೂ ಜೊತೆಗೆ ಬಂತು ಅಂತಲೇ ಅರ್ಥ. ಯಾವ ಅರ್ಜಿಯೂ ಬೇಕಿರಲಿಲ್ಲ. ಇ-ಸಿಮ್‌ನಲ್ಲಿ ತೆಗೆಯಲು ಏನೂ ಇಲ್ಲ. 2022ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಐಫೋನ್ 14ರಲ್ಲಿ ಸಿಮ್ ಹಾಕುವ ಜಾಗವೇ ಇರಲಿಲ್ಲ. ಕಾರ್ಡ್ ಹೋಗುತ್ತಿದೆ, ನಿಯಮ ಮಾತ್ರ ಕಾರ್ಡಿನ ಕಾಲದ್ದೇ ಉಳಿದಿದೆ.

ಗಾಡಿ ಮಾರುವುದನ್ನೇ ನೋಡಿ. ಅಲ್ಲಿ ನಂಬರ್ ಗಾಡಿಯ ಜೊತೆಗೇ ಹೋಗುತ್ತದೆ. ಹೆಸರು ಬದಲಾಯಿಸಲು ಒಂದು ಕಚೇರಿ ಇದೆ, ಒಂದು ಫಾರಂ ಇದೆ. ಬದಲಾಯಿಸದೇ ಬಿಟ್ಟು ದಂಡ ಬಿದ್ದರೆ ನನ್ನ ತಪ್ಪು ಅಂತ ಹೇಳಬಹುದು. ಫೋನಿನಲ್ಲಿ ಎಲ್ಲ ತಿರುವುಮುರುವು. ಫೋನ್ ಹೋಗುತ್ತದೆ, ನಂಬರ್ ಮಾರಿದವರ ಹತ್ತಿರ ಉಳಿಯಬೇಕು. "ಇವತ್ತಿನಿಂದ ಈ ಫೋನ್ ನನ್ನದಲ್ಲ" ಅಂತ ಹೇಳಲು ಜಾಗವೇ ಇಲ್ಲ.

ಕಳ್ಳತನದ ವಿಷಯದಲ್ಲಿ ಇದೇ ಫೋನ್ ತಯಾರಕರು ಎಷ್ಟು ಕಾಳಜಿ ತೋರಿಸಿದ್ದಾರೆ ನೋಡಿ. 2013ರಲ್ಲಿ ಆ್ಯಪಲ್ ಐಫೋನಿಗೆ ಆ್ಯಕ್ಟಿವೇಷನ್ ಲಾಕ್ ತಂದಿತು. 2015ರಲ್ಲಿ ಆಂಡ್ರಾಯ್ಡ್‌ಗೂ ಅಂಥದ್ದೇ ಬೀಗ ಬಂತು. ಕದ್ದ ಫೋನನ್ನು ಅಳಿಸಿದರೂ ಹಳೆ ಮಾಲೀಕರ ಪಾಸ್‌ವರ್ಡ್ ಇಲ್ಲದೆ ಅದು ಏಳುವುದಿಲ್ಲ. ಹಾಗಿದ್ದರೆ ಮಾಲೀಕರೇ ತಮ್ಮ ಕೈಯಾರೆ ಎಲ್ಲ ಅಳಿಸಿ ಎಂದಾಗ ಅವರ ಕನೆಕ್ಷನ್ ಮಾತ್ರ ಯಾಕೆ ಉಳಿಯಬೇಕು? ಉಳಿಸಿಕೊಳ್ಳಬೇಕಾದವರು ಟಿಕ್ ಹಾಕಲಿ. ಸುಮ್ಮನಿದ್ದರೆ ಅಳಿಸಿಹೋಗಲಿ. ಆ ಚೌಕವನ್ನು ತಿರುಗಿಸಿ ಇಡಿ ಅಂತ ತಯಾರಕರಿಗೆ ನೀವು ಹೇಳಬಹುದು.

ಇಷ್ಟಕ್ಕೇ ಮುಗಿಯುವುದಿಲ್ಲ. ಆ್ಯಪ್, ಆಟ, ಹಾಡಿನ ಚಂದಾ ಎಲ್ಲವನ್ನೂ ಕೆಲವು ಕಡೆ ಮೊಬೈಲ್ ಬಿಲ್ಲಿಗೇ ಸೇರಿಸಬಹುದು. ಮಾರಿದವರ ಕನೆಕ್ಷನ್ ಫೋನಿನಲ್ಲಿ ಉಳಿದಿದ್ದರೆ ಆಟವಾಡುವ ಮಗು ಒತ್ತಿದ ಒಂದು ಗುಂಡಿಯೂ ಅವರ ಬಿಲ್ಲಿಗೇ ಬೀಳುತ್ತದೆ. ಕಂತಿನ ಫೋನಿನದ್ದು ಇನ್ನೊಂದು ಕಥೆ. ಕಂತು ಮುಗಿಯುವ ಮೊದಲೇ ಮಾರಿ, ಉಳಿದ ಕಂತು ನೀವು ಕಟ್ಟಿ ಅಂತ ಬಾಯಿಮಾತಿನಲ್ಲಿ ಒಪ್ಪಿಕೊಳ್ಳುವವರು ಇದ್ದಾರೆ. ಸಾಲ ಮಾರಿದವರ ಹೆಸರಲ್ಲೇ ಇರುತ್ತದೆ. ಕೊಂಡವರು ಕಟ್ಟದಿದ್ದರೆ ವಸೂಲಿಯ ಕರೆ ಬರುವುದು ಮಾರಿದವರಿಗೆ. ಮಾರಿದವರೇ ಕಟ್ಟದಿದ್ದರೆ ಪೂರ್ತಿ ಹಣ ಕೊಟ್ಟು ಕೊಂಡವರ ಕೈಯಲ್ಲೇ ಫೋನ್ ಲಾಕ್ ಆಗಬಹುದು.

ಈಗ ಕಂಪನಿಗಳು ಹೇಳುವ ಆಕ್ಷೇಪಕ್ಕೆ ಬರುತ್ತೇನೆ, ಯಾಕೆಂದರೆ ಅದು ನ್ಯಾಯವಾದದ್ದೇ. ಫೋನ್ ಮಾರಿದ್ದೇನೆ ಅಂತ ಹೇಳಿದ ಕೂಡಲೇ ಬಿಲ್ ಮನ್ನಾ ಮಾಡಿದರೆ, ದೊಡ್ಡ ಬಿಲ್ ಬಂದವರೆಲ್ಲ ಹಾಗೇ ಹೇಳುತ್ತಾರೆ. ನಿಜ. ಅದಕ್ಕೇ ನಾನು ಹಳೆಯದನ್ನೆಲ್ಲ ಮನ್ನಾ ಮಾಡಿ ಅಂತ ಕೇಳುತ್ತಿಲ್ಲ. ತಿಳಿಸಿದ ಕ್ಷಣದಿಂದ ಮುಂದಿನದ್ದು ನನ್ನದಲ್ಲ ಅಂತ ಆಗಲಿ ಅಂತ ಮಾತ್ರ ಕೇಳುತ್ತಿದ್ದೇನೆ. ಕಳೆದುಹೋದ ಬ್ಯಾಂಕ್ ಕಾರ್ಡನ್ನು ಬ್ಲಾಕ್ ಮಾಡಿ ಅಂದರೆ ಆಗಲೇ ಮಾಡುತ್ತಾರೆ. ಒಟಿಪಿಯನ್ನು ಆ ಕಾರ್ಡ್ ಸಿಕ್ಕವನಿಗೆ ಕಳಿಸುವುದಿಲ್ಲ. ಕನೆಕ್ಷನ್‌ಗೂ ಹಾಗೇ ಆಗಲಿ. ಮೊದಲು ನಿಲ್ಲಿಸಲಿ, ದಾಖಲೆ ಆಮೇಲೆ ಕೇಳಲಿ. ಅದಕ್ಕೆ ಹಿಡಿಯುವ ದಿನಗಳ ಖರ್ಚು ಗ್ರಾಹಕರ ಮೇಲೆ ಬೀಳದಿರಲಿ.

ಮಾರುವ ಮೊದಲಿನದ್ದು, ನಂತರದ್ದು ಅಂತ ಬೇರೆ ಮಾಡುವುದೂ ಅಸಾಧ್ಯವೇನಲ್ಲ. ಸಿಮ್ ಯಾವ ಫೋನಿನಲ್ಲಿದೆ ಅಂತ ನೆಟ್‌ವರ್ಕಿಗೆ ಐಎಂಇಐಯಿಂದ ಗೊತ್ತಾಗುತ್ತದೆ. ನನ್ನ ಎರಡೂ ನಂಬರ್ ಒಂದೇ ಕಂಪನಿಯವು. ಮುಖ್ಯ ನಂಬರ್ ಯಾವ ದಿನ ಹೊಸ ಫೋನಿಗೆ ಹೋಯಿತು, ತಿಂಗಳುಗಟ್ಟಲೆ ಮಲಗಿದ್ದ ಎರಡನೇ ನಂಬರ್ ಯಾವ ದಿನ ಹಳೆ ಫೋನಿನಲ್ಲಿ ಇದ್ದಕ್ಕಿದ್ದಂತೆ ಡೇಟಾ ಎಳೆಯಲು ಶುರು ಮಾಡಿತು, ಎರಡೂ ಅವರಿಗೆ ಕಾಣುವಂಥದ್ದೇ. ಜೊತೆಗೆ ನನ್ನ ಹತ್ತಿರ ಸಹಿ ಮಾಡಿದ ಹಾಳೆ ಇದೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲು ಯಾರೂ ಒಪ್ಪಲಿಲ್ಲ. ನೋಡಲೇಬೇಕು ಅಂತ ನಿಯಮ ಇದ್ದರೆ ನೋಡುತ್ತಿದ್ದರು.

ಬಿಲ್ಲಿಗೆ ಒಂದು ಮಿತಿಯೂ ಬೇಕು. ಇದು ಹೊಸ ಯೋಚನೆಯಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2010ರಿಂದ ರೋಮಿಂಗ್ ಡೇಟಾಕ್ಕೆ ಇಂಥ ಮಿತಿ ಇದೆ. ಗ್ರಾಹಕರು ಬೇರೆ ಏನೂ ಹೇಳದಿದ್ದರೆ, ತೆರಿಗೆ ಬಿಟ್ಟು ತಿಂಗಳಿಗೆ 50 ಯೂರೋ. ಶೇ. 80 ಮುಟ್ಟಿದಾಗ ಎಚ್ಚರಿಕೆ ಕೊಡಬೇಕು. ಮಿತಿ ದಾಟಿದ ಮೇಲೂ ಗ್ರಾಹಕರು ಒಪ್ಪದಿದ್ದರೆ ಡೇಟಾ ನಿಲ್ಲುತ್ತದೆ. ಪರದೇಶಕ್ಕೆ ಹೋದವರಿಗೆಂದು ಮಾಡಿದ ಈ ಏರ್ಪಾಟು ಮನೆಯಲ್ಲಿ ಕೂತವರಿಗೆ ಯಾಕೆ ಬೇಡ? ಮಾರಿದ ಫೋನಿಗೆ ಮಾತ್ರವಲ್ಲ, ಯಾರಿಗೇ ಆದರೂ ಇದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಭಯವನ್ನೂ ಹೇಳಬೇಕು. ಆ ಮೂರು ತಿಂಗಳು ನನ್ನ ಎರಡನೇ ನಂಬರಿಗೆ ಬರುವ ಒಟಿಪಿಗಳೆಲ್ಲ ಬೇರೆ ಮನೆಯಲ್ಲಿ ಬೀಳುತ್ತಿದ್ದವು. ಅದೃಷ್ಟಕ್ಕೆ ಕೊಂಡವರು ಒಳ್ಳೆಯವರು. ಅವರ ಜಾಗದಲ್ಲಿ ಬೇರೆ ಯಾರೋ ಇದ್ದಿದ್ದರೆ? ಆ ನಂಬರಿನಿಂದ ಯಾರಿಗಾದರೂ ಬೆದರಿಕೆಯ ಕರೆ ಹೋಗಿದ್ದರೆ? ಬಾಗಿಲು ತಟ್ಟುವುದು ಯಾರ ಹೆಸರಲ್ಲಿ ಕನೆಕ್ಷನ್ ಇದೆಯೋ ಅವರ ಮನೆಯದ್ದೇ ಅಲ್ವಾ?

ನಾನು ಕೇಳಿದ್ದರಲ್ಲಿ ಕೆಲವಕ್ಕೆ ಹೊಸ ನಿಯಮ ಬೇಕು, ಸಮಯ ಹಿಡಿಯುತ್ತದೆ, ಗೊತ್ತು. ಆದರೆ ಒಟಿಪಿಯ ವಿಷಯಕ್ಕೆ ಅಷ್ಟು ಸಮಯ ಬೇಡ. ಕನೆಕ್ಷನ್ ಕೊಡುವಾಗಲೇ ಕಂಪನಿ ಇನ್ನೊಂದು ನಂಬರೋ ಇಮೇಲ್ ವಿಳಾಸವೋ ಬರೆಸಿಕೊಳ್ಳಲಿ. ಬಿಲ್ ಮೀರುತ್ತಿದೆ ಅನ್ನುವ ಎಚ್ಚರಿಕೆಯೂ, ನಿಲ್ಲಿಸಲು ಬೇಕಾದ ಒಟಿಪಿಯೂ ಅಲ್ಲಿಗೂ ಬರಲಿ. ಇಷ್ಟು ಇದ್ದಿದ್ದರೆ ನನಗೆ ಮೊದಲ ತಿಂಗಳೇ ಗೊತ್ತಾಗುತ್ತಿತ್ತು. ಗೊತ್ತಾದ ದಿನವೇ ಕನೆಕ್ಷನ್ ನಿಂತಿರುತ್ತಿತ್ತು. ಇದಕ್ಕೆ ಕಂಪನಿಗಳಿಗೆ ನಿಮ್ಮಿಂದ ಒಂದು ಸೂಚನೆ ಹೋದರೆ ಸಾಕು. ದಯವಿಟ್ಟು ಇದೊಂದನ್ನು ಮೊದಲು ಮಾಡಿಸಿ.

ಮೂರೂ ತಿಂಗಳ ಬಿಲ್, ಒಂಬತ್ತು ದಿನದ ಅರ್ಜಿಗಳ ಸ್ವೀಕೃತಿ, ಮಾರಾಟದ ಹಾಳೆ ನನ್ನ ಹತ್ತಿರ ಇವೆ. ನಿಮ್ಮ ಕಚೇರಿ ಕೇಳಿದರೆ ತಂದು ಕೊಡುತ್ತೇನೆ.

ಇಂತಿ,
ಒಬ್ಬ ಪೋಸ್ಟ್‌ಪೇಯ್ಡ್ ಗ್ರಾಹಕ