ಚಪ್ಪಾಳೆ ಸಿಕ್ಕಿತು, ಮಾಸ್ಕ್ ಸಿಗಲಿಲ್ಲ

ಸಂಪಾದಕರೇ,

ವೈರಸ್‌ಗೆ ಬಡವ, ಶ್ರೀಮಂತ ಅನ್ನುವ ಭೇದ ಇಲ್ಲ ಅಂತ ಕೋವಿಡ್ ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ವೈರಸ್‌ಗೆ ಇಲ್ಲದಿರಬಹುದು, ನಮಗಿತ್ತು ಅಲ್ವಾ?

ನಮ್ಮ ಅತ್ತಿಗೆ ಆಶಾ ಕಾರ್ಯಕರ್ತೆ. 2020ರ ಬೇಸಿಗೆಯಲ್ಲಿ ಬೆಂಗಳೂರಿಂದ ಊರಿಗೆ ಬಂದವರ ಮನೆಮನೆಗೆ ಹೋಗಿ, ಜ್ವರ ಕೆಮ್ಮು ಇದೆಯಾ ಅಂತ ಕೇಳಿ ಬರೆದುಕೊಂಡು, ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿ ಬರುತ್ತಿದ್ದರು. ಒಬ್ಬರಂತೂ ಆ ಚೀಟಿ ಹರಿದು ಅವರ ಕೈಗೇ ಕೊಟ್ಟರು. ಇದ್ದ ಒಂದೇ ಬಟ್ಟೆ ಮಾಸ್ಕನ್ನು ರಾತ್ರಿ ಬಿಸಿನೀರಲ್ಲಿ ಒಗೆದು ಒಲೆ ಹತ್ತಿರ ನೇತುಹಾಕುವುದು, ಬೆಳಿಗ್ಗೆ ಹಸಿ ಇದ್ದರೂ ಅದನ್ನೇ ಕಟ್ಟಿಕೊಂಡು ಹೊರಡುವುದು. ವೈದ್ಯರಿಗೆ ಸುರಕ್ಷಾ ಕಿಟ್ ಕೊಟ್ಟಿದ್ದು ತಪ್ಪು ಅನ್ನುತ್ತಿಲ್ಲ, ಅವರೂ ಜೀವ ಒತ್ತೆ ಇಟ್ಟು ದುಡಿದವರೇ. ಇವರದ್ದೂ ಜೀವ ತಾನೇ?

ಆ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಿದರು. ಇಂಥ ಹೊತ್ತಲ್ಲಿ ಮುಷ್ಕರವಾ ಅಂತ ನಮ್ಮ ಬೀದಿಯಲ್ಲಿ ಬೈದವರು ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಇವರಿಗಾಗಿ ಚಪ್ಪಾಳೆ ತಟ್ಟಿ, ತಟ್ಟೆ ಬಡಿದವರೇ. ಸರ್ಕಾರದ ಲೆಕ್ಕದಲ್ಲಿ ಇವರು ನೌಕರರಲ್ಲ, ಸ್ವಯಂಸೇವಕಿಯರು. ಸಿಗುವುದು ಸಂಬಳ ಅಲ್ಲ, ಗೌರವಧನ. ಗೌರವ ಎಲ್ಲಿದೆ ಅಂತ ಸುಮ್ನೆ ಕೇಳಬಾರದು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಪ್ರಶಸ್ತಿ ಕೊಟ್ಟಾಗ ಅತ್ತಿಗೆಗೆ ಫೋನಲ್ಲಿ ಸುದ್ದಿ ತೋರಿಸಿದೆ. “ಎರಡು ತಿಂಗಳ ದುಡ್ಡು ಬಾಕಿ ಇದೆ, ಅದರ ಬಗ್ಗೆ ಏನಾದ್ರೂ ಬರೆದಿದ್ದಾರಾ ನೋಡಪ್ಪಾ” ಅಂದರು.

ಇಂತಿ,
ಒಬ್ಬ ಓದುಗ, ತುಮಕೂರು ಜಿಲ್ಲೆ